ಕೈಗೆ ಒಗ್ಗುವ ಪಿಸ್ತೂಲು

ಸಾಂಗ್ಲಿಯ ಮಗ್ಗುಲಿನ ಹರಿಪುರದಲ್ಲಿ ವಾರಣಾ ನದಿ ಕೃಷ್ಣೆಯನ್ನು ಸೇರುತ್ತದೆ. ಸಂಗಮದ ಗುಡಿಗೆ ಶ್ರಾವಣದಲ್ಲಿ ಜನ ಸೇರುತ್ತಾರೆ. ಈ ಸೀಮೆಯ ಜಾತ್ರೆ ಎಂದಮೇಲೆ ಬಲೂನು ಒಡೆಯುವ ಬಂದೂಕಿನ ಅಂಗಡಿ ಒಂದಾದರೂ ಇರಲೇಬೇಕು. ಅಲ್ಲಿ ಸಾಮಾನ್ಯವಾಗಿ ಬಳಸುವ ಸೀಸದ ಗುಂಡಿನ ವ್ಯಾಸ 4.5 ಮಿ.ಮೀ. ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲಿನ ಗುಂಡಿನದೂ ಅಷ್ಟೇ. ಬಲೂನು ಮುಷ್ಟಿಗಿಂತ ದೊಡ್ಡದು. ಒಲಿಂಪಿಕ್ಸ್‌ನಲ್ಲಿ ಹತ್ತು ಅಂಕ ಕೊಡುವ ವೃತ್ತ ಮಾತ್ರ 11.5 ಮಿ.ಮೀ., ಅಂದರೆ ಅಂಗಿಯ ಗುಂಡಿಯಷ್ಟು. ಅದನ್ನು ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ, 75 ನಿಮಿಷದೊಳಗೆ 60 ಸಲ ಹುಡುಕಬೇಕು.

ಹೊಸದಾಗಿ ಈ ಹವ್ಯಾಸಕ್ಕೆ ಬಿದ್ದವರು ಮೊದಲು ಕೇಳುವುದು, ಯಾವ ಪಿಸ್ತೂಲು ಒಳ್ಳೆಯದು ಎಂದು. ಮೊರಿನಿ, ಸ್ಟೇಯರ್, ವಾಲ್ಥರ್, ಫೈನ್‌ವೆರ್ಕ್‌ಬಾವ್, ಪಾರ್ದಿನಿ ಎಂದು ಹೆಸರುಗಳು ಉದುರುತ್ತವೆ. ಇವುಗಳಲ್ಲಿ ಯಾವುದನ್ನೇ ಕಬ್ಬಿಣದ ಇಕ್ಕಳಕ್ಕೆ ಬಿಗಿದು ಹೊಡೆಯಿರಿ, ಹತ್ತು ಮೀಟರ್ ಆಚೆ ಗುಂಡುಗಳು ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋಗುತ್ತವೆ. ನಳಿಕೆಯ ನಿಖರತೆಯ ಜಗಳ ಅಲ್ಲಿಗೆ ಮುಗಿಯಿತು. ಉಳಿಯುವ ತಪ್ಪೆಲ್ಲ ಇಕ್ಕಳದ ಜಾಗದಲ್ಲಿ ನಿಂತ ಮನುಷ್ಯನದು.

ಆ ತಪ್ಪಿನಲ್ಲಿ ಎರಡು ಬಗೆ. ಇಡೀ ಕೈ ಒಂದು ಬದಿಗೆ 5 ಮಿ.ಮೀ. ಸರಿಯಿತು, ಆದರೆ ಪಿಸ್ತೂಲಿನ ದಿಕ್ಕು ಬದಲಾಗಲಿಲ್ಲ ಎನ್ನಿ. ಗುಂಡೂ 5 ಮಿ.ಮೀ. ಸರಿದೇ ಬೀಳುತ್ತದೆ. ಗುಂಡಿನ ಅಂಚು ಗೆರೆಗೆ ತಾಗಿದರೂ ಅಂಕ ಸಿಗುವುದರಿಂದ ಅದು ಹತ್ತೇ. ಇನ್ನೊಂದು ಬಗೆ ಅಪಾಯದ್ದು: ಮಣಿಕಟ್ಟು ತಿರುಗಿ, ಹಿಂದಿನ ಸೈಟಿನ ಸೀಳಿನ ನಡುವೆ ಇರಬೇಕಾದ ಮುಂದಿನ ಸೈಟು ಬರೀ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಹೋಗುವುದು. ಎರಡೂ ಸೈಟುಗಳ ನಡುವಿನ ದೂರ 32 ಸೆಂ.ಮೀ. ಎಂದಿಟ್ಟುಕೊಂಡರೆ, ಹತ್ತು ಮೀಟರ್ ಎಂಬುದು ಅದರ ಸುಮಾರು 31 ಪಟ್ಟು. ಅರ್ಧ ಮಿಲಿಮೀಟರ್ ತಪ್ಪು ಗುರಿಯ ಹಾಳೆಯ ಮೇಲೆ ಹದಿನಾರು ಮಿಲಿಮೀಟರ್ ಆಗುತ್ತದೆ. ಹತ್ತು ಕೈತಪ್ಪಿ, ಒಂಬತ್ತೂ ಜಾರುವ ಅಂಚಿಗೆ ಬಂದಿರುತ್ತದೆ.

ಆದ್ದರಿಂದಲೇ ಪಳಗಿದವರು ಗುರಿಯನ್ನು ದಿಟ್ಟಿಸುವುದಿಲ್ಲ. ಕಣ್ಣಿನ ಮಸೂರಕ್ಕೆ ಹತ್ತಿರದ್ದು, ದೂರದ್ದು ಎರಡೂ ಏಕಕಾಲಕ್ಕೆ ಸ್ಫುಟವಾಗಿ ಕಾಣಲಾರವು. ಅವರು ಮುಂದಿನ ಸೈಟನ್ನು ಚೊಕ್ಕಟವಾಗಿ ನೋಡುತ್ತಾರೆ, ಕಪ್ಪು ವೃತ್ತ ಮಸುಕಾಗಿಯೇ ಇರಲಿ ಎಂದು ಬಿಡುತ್ತಾರೆ. ಇನ್ನೊಂದು ಕಣ್ಣನ್ನು ಮುಚ್ಚುವುದೂ ಇಲ್ಲ. ಮುಚ್ಚಿದರೆ ಮುಖದ ಸ್ನಾಯು ದಣಿಯುತ್ತದೆ, ಅದಕ್ಕೇ ಅದರ ಮುಂದೆ ಒಂದು ಅರೆಪಾರದರ್ಶಕ ಪಟ್ಟಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ಸ್ಪರ್ಧೆಯ ಹೊತ್ತಿಗೇ ಮುಖದ ಒಂದು ಬದಿಗೆ ಪಾರ್ಶ್ವವಾಯು ಬಡಿಯಿತು. ರೆಪ್ಪೆಯ ಮೇಲೂ ಹಿಡಿತವಿಲ್ಲದೆ ಗುರಿಯಿಡುವುದೆಂದರೆ ಏನು ಎಂದು ಊಹಿಸಬಹುದು. ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದ ಏರ್ ಪಿಸ್ತೂಲಿನಲ್ಲಿ ಅವರು ಬೆಳ್ಳಿ ಗೆದ್ದರು.

ಟ್ರಿಗರ್‌ ವಿಷಯಕ್ಕೆ ಬಂದರೆ, ಏರ್ ಪಿಸ್ತೂಲಿನಲ್ಲಿ ಅದು ಕನಿಷ್ಠ 500 ಗ್ರಾಂ ಭಾರವನ್ನು ಎತ್ತಬೇಕು ಎಂಬುದು ನಿಯಮ. ಇಡೀ ಪಿಸ್ತೂಲಿನ ತೂಕ 1500 ಗ್ರಾಂ ಮೀರುವಂತಿಲ್ಲ. ಕಿಲೋ ಚಿಲ್ಲರೆ ತೂಗುವ ವಸ್ತುವನ್ನು ಚಾಚಿದ ಕೈಯಲ್ಲಿ ಹಿಡಿದು ಅರ್ಧ ಕಿಲೋ ಒತ್ತಡ ಹಾಕುವಾಗ ಉಳಿದ ಬೆರಳುಗಳು ಮಿಸುಕಬಾರದು. ಹೆಚ್ಚಿನ ಹೊಡೆತಗಳು ಕೆಡುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ವಿದ್ಯುತ್ ಟ್ರಿಗರ್ ಇರುವ ಪಿಸ್ತೂಲುಗಳನ್ನು ಹಲವರು ಮೆಚ್ಚುವುದು ಅದರ ಒತ್ತು ಪ್ರತಿ ಸಲವೂ ಒಂದೇ ಥರ ಇರುತ್ತದೆ ಎಂದು. ಯಂತ್ರ ಯಂತ್ರವೇ, ಕೈಕೊಡುವುದೂ ಉಂಟು: ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಮನು ಭಾಕರ್ ಅವರ ಪಿಸ್ತೂಲು ನಡುವೆಯೇ ಕೆಟ್ಟು ಅಮೂಲ್ಯ ನಿಮಿಷಗಳು ಹೋದವು, ಫೈನಲ್ ತಪ್ಪಿತು. ಕಂಚು ಸಿಕ್ಕಿದ್ದು 2024ರ ಪ್ಯಾರಿಸ್‌ನಲ್ಲಿ. (ಅದೇ ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಜೇಬಿಗೆ ಕೈ ಇಳಿಬಿಟ್ಟು ನಿಂತ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಠೀವಿ ಏನೂ ಅಲ್ಲ, ಖಾಲಿ ಕೈ ತೂಗಾಡಿ ಮೈ ಅಲುಗದಿರಲೆಂದು ಏರ್ ಪಿಸ್ತೂಲಿನವರು ಸಾಮಾನ್ಯವಾಗಿ ಹಾಗೇ ನಿಲ್ಲುತ್ತಾರೆ.)

ಎದೆಬಡಿತವೂ ಕೈಯನ್ನು ಅಲುಗಿಸುತ್ತದೆ. ಅದನ್ನು ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆಗಳು ಬಿ.ಪಿ. ಇರುವವರ ಮನೆಯಲ್ಲಿ ಸಾಮಾನ್ಯ, ಶೂಟಿಂಗ್‌ನಲ್ಲಿ ನಿಷಿದ್ಧ. 2008ರ ಬೀಜಿಂಗ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಇದೇ ಕಾರಣಕ್ಕೆ ಎರಡು ಪದಕ ಕಳೆದುಕೊಂಡರು.

ಸಾಂಗ್ಲಿ–ಮೀರಜ್ ಕಡೆಯವರಿಗೆ ಇನ್ನೊಂದು ಲೆಕ್ಕ ಮುಖ್ಯ, ಬಿಸಿಲಿನದು. ಹಿಂದೆ ಇಂಗಾಲದ ಡೈಆಕ್ಸೈಡ್ ತುಂಬಿದ ಪಿಸ್ತೂಲುಗಳು ಜನಪ್ರಿಯವಾಗಿದ್ದವು. ಸಿಲಿಂಡರಿನಲ್ಲಿ ದ್ರವವಾಗಿರುವ ಆ ಅನಿಲದ ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ ಸುಮಾರು 72. ಇನ್ನೊಂದು ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬೆಳಗಿನ ಹೊಡೆತಕ್ಕೂ ಮಧ್ಯಾಹ್ನದ ಹೊಡೆತಕ್ಕೂ ವೇಗ ಬೇರೆಯಾಗುವುದು ಸಹಜ. ಸೆಕೆಂಡಿಗೆ 150 ಮೀಟರ್ ವೇಗದ ಗುಂಡು ಗುರಿ ಮುಟ್ಟುವುದರೊಳಗೆ ಸುಮಾರು 22 ಮಿ.ಮೀ. ಕೆಳಗಿಳಿಯುತ್ತದೆ, 140ರ ವೇಗದ್ದು 25. ಈ ಮೂರು ಮಿಲಿಮೀಟರ್ ಸಾಕು, ತುದಿಯಲ್ಲಿದ್ದ ಹತ್ತು ಒಂಬತ್ತಾಗಲು. ಈಗಿನವು 200 ಬಾರ್‌ವರೆಗೆ ಒತ್ತಿದ ಬರೀ ಗಾಳಿಯನ್ನು ನಿಯಂತ್ರಕದ ಮೂಲಕ ಅಳೆದು ಬಿಡುವುದರಿಂದ ಈ ತಕರಾರು ಬಹುಮಟ್ಟಿಗೆ ತೀರಿದೆ. ಹಳೆಯ ಪಿಸ್ತೂಲು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಸಿಲಿಂಡರಿನ ಮೇಲಿನ ಅವಧಿಯನ್ನು ಓದಿಕೊಳ್ಳಲಿ.

ಮದ್ದಿನ ಪಿಸ್ತೂಲಿಗೆ ನಮ್ಮ ನೆರೆಯ ಕೊಲ್ಹಾಪುರವೇ ಹೆಸರುವಾಸಿ. ಅಲ್ಲಿನ ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನ ಚಿನ್ನ ಗೆದ್ದರು. ಏಷ್ಯಾಡ್ ಶೂಟಿಂಗ್‌ನಲ್ಲಿ ಭಾರತೀಯ ಮಹಿಳೆಯೊಬ್ಬರಿಗೆ ಅದೇ ಮೊದಲ ಚಿನ್ನ. ಪಾಲೆಂಬಾಂಗ್‌ನ ಆ ಫೈನಲ್‌ನಲ್ಲಿ ಥಾಯ್ಲೆಂಡಿನ ಎದುರಾಳಿಯೂ ಅವರೂ 34ಕ್ಕೆ ಸಮವಾಗಿ, ಶೂಟ್ ಆಫ್‌ನಲ್ಲಿ ಫಲಿತಾಂಶ ಬಂತು. ಅರ್ಹತಾ ಸುತ್ತಿನ ವೇಗದ ಹಂತದಲ್ಲಿ ಗುರಿ ಕಾಣುವುದು ಮೂರೇ ಸೆಕೆಂಡು. ಕೆಳಗಿಳಿಸಿದ ಕೈಯನ್ನು ಅಷ್ಟರಲ್ಲಿ ಎತ್ತಿ ಒಂದು ಗುಂಡು ಹೊಡೆಯಬೇಕು. ಈ ಸ್ಪರ್ಧೆಯ .22 ಪಿಸ್ತೂಲುಗಳ ವಿಚಿತ್ರ ಆಕಾರಕ್ಕೆ ಕಾರಣ ಹಿನ್ನೊದೆತ. ನಳಿಕೆ ಕೈಗಿಂತ ಎತ್ತರವಿದ್ದಷ್ಟೂ ಒದೆತ ಮೂತಿಯನ್ನು ಮೇಲಕ್ಕೆ ಹಾರಿಸುತ್ತದೆ. ಹೀಗಾಗಿ ಗುಂಡಿನ ಪೆಟ್ಟಿಗೆಯನ್ನು ಟ್ರಿಗರ್‌ನ ಮುಂದಕ್ಕೆ ಸರಿಸಿ, ನಳಿಕೆಯನ್ನು ಮುಷ್ಟಿಯ ಮಟ್ಟಕ್ಕೆ ಇಳಿಸುತ್ತಾರೆ. ಪಾರ್ದಿನಿಯೂ ವಾಲ್ಥರ್ ಜಿಎಸ್‌ಪಿಯೂ ಹೀಗೇ ಇವೆ.

.22ಕ್ಕೆ ಪರವಾನಗಿ ಬೇಕು. 4.5 ಮಿ.ಮೀ. ಮೀರದ, 20 ಜೂಲ್ ಒಳಗಿನ ಗಾಳಿ ಪಿಸ್ತೂಲಿಗೆ ಬೇಡ. ಆದರೆ ಗುಂಡು ಸೀಸದ್ದು, ಊಟಕ್ಕೆ ಮೊದಲು ಕೈ ತೊಳೆಯಲೇಬೇಕು.

ಕೊಳ್ಳುವ ಮುಂಚೆ ರೇಂಜಿಗೆ ಹೋಗಿ ಗುಂಡಿಲ್ಲದ ಪಿಸ್ತೂಲನ್ನು ಹಿಡಿಯಿರಿ. ಗುರಿಯತ್ತ ತಿರುಗಿ, ಕಣ್ಣು ಮುಚ್ಚಿ, ಕೈ ಎತ್ತಿ, ಕಣ್ಣು ತೆರೆಯಿರಿ. ಎರಡೂ ಸೈಟು ತಾವಾಗಿ ಸಾಲಿಗೆ ಬಂದಿದ್ದರೆ ಅದರ ಬೆಲೆ ವಿಚಾರಿಸಬಹುದು. ಬರದಿದ್ದರೆ ಹಿಡಿಯ ಮರವನ್ನು ಅರದಿಂದ ಉಜ್ಜಿಸಿ ನೋಡಿ, ಇಲ್ಲವೇ ಬೇರೆಯದನ್ನು ಕೈಗೆತ್ತಿಕೊಳ್ಳಿ.