ಬಾಡಿಗೆ ಮನೆ, ಬಿಟ್ಟಿ ವಾಸನೆ

ಬೇಸಿಗೆ ರಜೆ ಮುಗಿಸಿ ಊರಿಂದ ಬಂದವರು ಬೀಗ ತೆಗೆದ ಕೂಡಲೇ ಮೂಗು ಮುಚ್ಚಿಕೊಳ್ಳುವುದು ದಾವಣಗೆರೆಯ ಬಾಡಿಗೆ ಮನೆಗಳಲ್ಲಿ ಮಾಮೂಲು ನೋಟ. ಹೋಗುವಾಗ ಗುಡಿಸಿ, ಒರೆಸಿ, ಕಸದ ಬುಟ್ಟಿ ಖಾಲಿ ಮಾಡಿಯೇ ಹೋಗಿದ್ದರು. ಆದರೂ ಮನೆ ತುಂಬ ಕೊಳೆತ ಮೊಟ್ಟೆಯ ನಾತ! ಯಜಮಾನ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಫ್ರಿಜ್ ಕಡೆ ನೋಡುತ್ತಾಳೆ, ಅಜ್ಜಿ 'ಇಲಿ ಸತ್ತೈತೆ' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅಟ್ಟದ ಸಾಮಾನೆಲ್ಲ ಕೆಳಗಿಳಿಯುತ್ತದೆ. ಇಲಿಯೂ ಇಲ್ಲ, ಹೆಗ್ಗಣವೂ ಇಲ್ಲ.

ಆಮೇಲೆ ಶುರು ಊದುಬತ್ತಿ, ಸಾಂಬ್ರಾಣಿ, ನುಸಿಗುಳಿಗೆ. ಸಂಜೆ ಹೊತ್ತಿಗೆ ಮನೆ ಅರ್ಧ ದೇವಸ್ಥಾನ, ಅರ್ಧ ಚರಂಡಿ. ಅಂಗಡಿಯವನಿಗೆ ವ್ಯಾಪಾರ ಆಯಿತೇ ಹೊರತು ನಾತ ಮಾತ್ರ ಇದ್ದಲ್ಲೇ ಇರುತ್ತದೆ.

ಕಳ್ಳ ಇರುವುದು ಬಚ್ಚಲಲ್ಲಿ. ಬಚ್ಚಲ ಜಾಲರಿ ಎತ್ತಿ ನೋಡಿದರೆ ಒಂದು ಬೋಗುಣಿಯಂಥ ಬಾಗು ಕಾಣುತ್ತದೆ. ಪ್ಲಂಬರುಗಳು ಇದಕ್ಕೆ ನಹಾನಿ ಟ್ರ್ಯಾಪ್ ಎನ್ನುತ್ತಾರೆ. ಅದರಲ್ಲಿ ಸದಾ ಸುಮಾರು ಎರಡು ಇಂಚು ನೀರು ನಿಂತಿರಬೇಕು. ಆ ನೀರೇ ಬಾಗಿಲು ಕಾಯುವ ಜವಾನ. ಸ್ನಾನದ ನೀರನ್ನು ಕೆಳಗೆ ಬಿಡುತ್ತದೆ, ಚರಂಡಿಯ ಗಾಳಿಯನ್ನು ಮೇಲೆ ಬಿಡುವುದಿಲ್ಲ. ದಾವಣಗೆರೆಯ ಏಪ್ರಿಲ್-ಮೇ ಬಿಸಿಲಿಗೆ ಬೀಗ ಹಾಕಿದ ಮನೆಯಲ್ಲಿ ಈ ನೀರು ಆವಿಯಾಗಿ ಹೋಗುತ್ತದೆ. ಜವಾನ ರಜೆ ಹಾಕಿದ ಮೇಲೆ ಕೇಳಬೇಕೇ? ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ನೇರ ಮನೆಯೊಳಕ್ಕೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದೇ.

ಔಷಧಿ ಒಂದು ಬಕೆಟ್ ನೀರು. ಬಚ್ಚಲು, ಬಟ್ಟೆ ತೊಳೆಯುವ ಜಾಗ, ಬಾಲ್ಕನಿ, ಯಾರೂ ಬಳಸದ ಎರಡನೇ ಕಕ್ಕಸು, ಎಲ್ಲ ತೂತಿಗೂ ಒಂದೊಂದು ಚೊಂಬು ಸುರಿದು, ಕಿಟಕಿ ತೆಗೆದು ಅರ್ಧ ಗಂಟೆ ಹೊರಗೆ ಕೂತರೆ ಸಾಕು. ಊರಿಗೆ ಹೋಗುವ ಮುಂಚೆಯೇ ಎರಡು ಚಮಚ ಅಡುಗೆ ಎಣ್ಣೆಯನ್ನು ಅದಕ್ಕೆ ಹಾಕಿ ಹೋದರೆ ಇನ್ನೂ ಒಳ್ಳೆಯದು. ಎಣ್ಣೆ ಮೇಲೆ ತೇಲಿ ನೀರು ಬೇಗ ಆರದಂತೆ ತಡೆಯುತ್ತದೆ.

ನೀರು ಹಾಕಿದರೂ ಮಾರನೇ ದಿನ ಮತ್ತೆ ನಾತ ಬಂದರೆ ವಿಷಯ ಬೇರೆ. ಅಡುಗೆಮನೆಯ ಸಿಂಕಿನ ಕೆಳಗೆ ಬಗ್ಗಿ ನೋಡಬೇಕು. ಸುರುಳಿ ಸುರುಳಿ ಪ್ಲಾಸ್ಟಿಕ್ ಪೈಪನ್ನು ನೆಲದ ತೂತಿಗೆ ಸುಮ್ಮನೆ ತುರುಕಿ ಬಿಟ್ಟಿರುತ್ತಾರೆ. ಸುತ್ತಲಿನ ಸಂದಿನಿಂದ ವಾಸನೆಯೂ ಬರುತ್ತದೆ, ಜಿರಳೆಯೂ ಬರುತ್ತದೆ. ಒಂದು ರಬ್ಬರ್ ಬಳೆ ಹಾಕಿಸಿದರೆ ಮುಗಿಯಿತು. ಇನ್ನು ಮೇಲಿನ ಮನೆಯವರು ಫ್ಲಶ್ ಎಳೆದಾಗ ನಿಮ್ಮ ಬಚ್ಚಲು 'ಗುಳುಕ್ ಗುಳುಕ್' ಎನ್ನುತ್ತದೆಯೇ? ಹಾಗಾದರೆ ಪೈಪಿಗೆ ಮೇಲಿನಿಂದ ಗಾಳಿ ಸಿಗುತ್ತಿಲ್ಲ. ತಾರಸಿಯ ಮೇಲೆ ಚಾಚಿರುವ ಗಾಳಿ ಪೈಪನ್ನು ಇನ್ನೊಂದು ಅಂತಸ್ತು ಎತ್ತುವಾಗ ಮುಚ್ಚಿಬಿಟ್ಟಿರಬಹುದು. ಮೇಲಿಂದ ರಭಸವಾಗಿ ಇಳಿಯುವ ನೀರು ಕೆಳಗಿನ ಮನೆಯ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಇದು ಬಾಡಿಗೆದಾರನ ಚೊಂಬು ನೀರಿಗೆ ಬಗ್ಗುವ ರೋಗವಲ್ಲ.

ಮಳೆಗಾಲದ ವಾಸನೆ ಗೋಡೆಯದು. ಒಸರುವ ಗೋಡೆಯ ಮೇಲೇ ಪೇಂಟ್ ಬಳಿದು 'ಟು ಲೆಟ್' ಬೋರ್ಡ್ ತೂಗುಹಾಕುತ್ತಾರೆ. ಜುಲೈನಲ್ಲಿ ಪೇಂಟ್ ಉದುರಿ ಒಳಗಿನ ಬೂಷ್ಟು ಹಲ್ಲು ಕಿರಿಯುತ್ತದೆ. ಮನೆ ನೋಡಲು ಹೋದವರು ಹೊಸ ಪೇಂಟಿನ ಘಮಕ್ಕೆ ಮರುಳಾಗದೆ, ಬಾಗಿಲು ಕಿಟಕಿ ಮುಚ್ಚಿ ಹತ್ತು ನಿಮಿಷ ನಿಂತು ನೋಡುವುದು ಕ್ಷೇಮ.

ಎರಡು ಎಚ್ಚರಿಕೆ. ನಾತ ಹೋಗಲೆಂದು ಬ್ಲೀಚಿಂಗ್ ಪೌಡರ್ ಹಾಕಿ, ಅದರ ಮೇಲೆ ಕಕ್ಕಸು ತೊಳೆಯುವ ಆಸಿಡ್ ಸುರಿಯಬಾರದು. ಏಳುವ ಕ್ಲೋರಿನ್ ಅನಿಲ ಜೀವಕ್ಕೇ ಕುತ್ತು. ವಾಸನೆ ಒಲೆಯ ಕಡೆಯಿಂದ ಬಂದರಂತೂ ಅನುಮಾನವೇ ಬೇಡ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ, ಸೋರಿದರೆ ತಿಳಿಯಲೆಂದೇ ಗಬ್ಬು ವಾಸನೆಯ ಮರ್‌ಕ್ಯಾಪ್ಟನ್ ಬೆರೆಸಿರುತ್ತಾರೆ. ರೆಗ್ಯುಲೇಟರ್ ಆರಿಸಿ, ಕಿಟಕಿ ತೆಗೆದು, ಲೈಟಿನ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು.

ಇಷ್ಟೆಲ್ಲ ಸರಿ, ರಿಪೇರಿ ದುಡ್ಡು ಯಾರದು? ಜಗಳ ಹತ್ತುವುದೇ ಇಲ್ಲಿ. ನಗರದ ಹೊಸ ಬಡಾವಣೆಯೊಂದರಲ್ಲಿ ನಡೆದದ್ದು ಕೇಳಿ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರ ಸಂಸಾರ. ಮನೆಗೆ ಬಂದು ಮೂರು ತಿಂಗಳಾಗಿಲ್ಲ, ಬಚ್ಚಲಿಂದ ನಾತ. ಮನೆಯಾಕೆ ಓನರಮ್ಮನ ಹತ್ತಿರ ಹೋಗಿ, 'ಅಕ್ಕಾ, ಬಚ್ಚಲು ನಾರ್ತೈತೆ, ಯಜಮಾನ್ರಿಗೆ ಸ್ವಲ್ಪ ಹೇಳ್ರಿ' ಎಂದರು. ಬಂದ ಉತ್ತರ: 'ಹಿಂದೆ ಇದ್ದೋರು ಆರು ವರ್ಷ ಇದ್ರು, ಒಂದಿನ ಹಿಂಗ್ ಅನ್ಲಿಲ್ಲ. ನೀವು ಮೀನು ಗೀನು ಮಾಡ್ತೀರೇನಮ್ಮಾ?'

ನಾತಕ್ಕಿಂತ ಈ ಮಾತೇ ಜಾಸ್ತಿ ತಿವಿಯಿತು. ಚರಂಡಿಯ ವಾಸನೆಯನ್ನು ಬಾಡಿಗೆದಾರರ ಒಲೆಯ ತಲೆಗೆ ಕಟ್ಟುವುದು ಹಳೆಯ ಚಾಳಿ. ವಠಾರದಲ್ಲಿ ಗುಸುಗುಸು ಹಬ್ಬಿತು, ಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳತೊಡಗಿದರು. ಮನೆ ಬಿಡೋಣವೆಂದರೆ ಅಡ್ವಾನ್ಸಿನಲ್ಲಿ ಪೇಂಟಿಂಗ್ ಖರ್ಚು ಮುರಿದುಕೊಳ್ಳುತ್ತೇನೆಂಬ ಬೆದರಿಕೆ ಬೇರೆ.

ಕಾನೂನು ಏನು ಹೇಳುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಾಗಲಿ ಸ್ಥಳೀಯ ರೂಢಿಯಲ್ಲಾಗಲಿ ಬೇರೆ ಇಲ್ಲದಿದ್ದರೆ, ಸುಲಭಕ್ಕೆ ಕಣ್ಣಿಗೆ ಬೀಳದ ದೊಡ್ಡ ದೋಷ ತನಗೆ ಗೊತ್ತಿದ್ದರೆ ಓನರು ಮೊದಲೇ ಹೇಳಬೇಕು. ತಾನು ಮಾಡಿಸಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟರೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಾಯಿಮಾತಿನ ನೋಟೀಸು ನಾಳೆ ಯಾರ ನೆನಪಿಗೂ ಬರುವುದಿಲ್ಲ, ಕಾಗದದಲ್ಲಿ ಬರೆದು ಕೊಟ್ಟರೆ ಒಳ್ಳೆಯದು. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆ ಇನ್ನೂ ಬಿಡಿಸಿ ಹೇಳಿದೆ: ಪೈಪು ಬದಲಾಯಿಸುವುದು, ಸುಣ್ಣ-ಬಣ್ಣ ಓನರದು, ಚರಂಡಿ ಕಟ್ಟಿಕೊಂಡರೆ ಬಿಡಿಸುವುದು, ನಲ್ಲಿ ವಾಷರು ಬಾಡಿಗೆದಾರನದು. ಅದು ಮಾದರಿ ಮಾತ್ರ; ರಾಜ್ಯಗಳು ಅಂಗೀಕರಿಸಿದಲ್ಲಷ್ಟೇ ಅದಕ್ಕೆ ಬಲ.

ಬಟ್ಟೆ ಅಂಗಡಿಯವರು ಕೋರ್ಟಿಗೇನೂ ಹೋಗಲಿಲ್ಲ. ಒಂದು ಭಾನುವಾರ ತಾವೇ ಪ್ಲಂಬರನ್ನು ಕರೆತಂದು, ಓನರನ್ನೂ ಎದುರಿಗೆ ನಿಲ್ಲಿಸಿಕೊಂಡು ಜಾಲರಿ ಎತ್ತಿಸಿದರು. ಒಳಗೆ ಬಾಗೇ ಇಲ್ಲ! ನೇರ ಪೈಪು. ಮನೆ ಕಟ್ಟಿದಾಗಲೇ ಟ್ರ್ಯಾಪ್ ಕೂರಿಸಿರಲಿಲ್ಲ. ಹಿಂದಿನವರು ಆರು ವರ್ಷ ಅದರ ಮೇಲೆ ಕಲ್ಲು ಮುಚ್ಚಿ ಕಾಲ ತಳ್ಳಿದ್ದರೆಂದು ಆಮೇಲೆ ಗೊತ್ತಾಯಿತು. ಓನರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಯ್ತು, ಹಾಕಪ್ಪ, ದುಡ್ಡು ನಾನೇ ಕೊಡ್ತೀನಿ' ಎಂದರು.

ಕೆಲಸ ಮುಗಿಸಿ ಕೈ ತೊಳೆದುಕೊಂಡ ಪ್ಲಂಬರ್, 'ಅಣ್ಣಾರೆ, ಮೇಲಿನ ಮನೇದೂ ಹಿಂಗೇ ಇರ್ತೈತೆ, ನೋಡ್ಲಾ?' ಎಂದು ಕೇಳಿದ.

'ಅವರೇನೂ ಅಂದಿಲ್ಲ, ಬಿಡು' ಎಂದು ಓನರು ಚಪ್ಪಲಿ ಮೆಟ್ಟಿದರು.