ಅರ್ಧ ಪ್ಲೇಟು ಬಿರಿಯಾನಿ

ಧಾರವಾಡ ಬಿಟ್ಟು ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷ. ಐವತ್ತೆರಡಕ್ಕೆ ಖಾಲಿಹೊಟ್ಟೆಯ ಸಕ್ಕರೆ 112 ಬಂತು. ಇದೇ ವಯಸ್ಸಿಗೆ ಅಪ್ಪ ಇನ್ಸುಲಿನ್ ಸೂಜಿ ಹಿಡಿದಿದ್ದರು.

‘ಊಟ ಮೊದಲಿನಷ್ಟೇ ಇದೆಯಲ್ಲ?’ ಅಂದೆ. ‘ಸ್ನಾಯು ಮೊದಲಿನಷ್ಟಿಲ್ಲ’ ಅಂದರು ಡಾಕ್ಟರು. ರಕ್ತದ ಸಕ್ಕರೆಯನ್ನು ಹೆಚ್ಚು ಹೀರುವುದೇ ಸ್ನಾಯು. ವಯಸ್ಸಿನೊಂದಿಗೆ ಅದು ಸೊರಗಿ, ಹೊಟ್ಟೆಯ ಕೊಬ್ಬು ಬೆಳೆದರೆ ಇನ್ಸುಲಿನ್ ಇದ್ದೂ ನಾಟುವುದಿಲ್ಲ.

ಅಮೆರಿಕದ ‘ಕ್ಯಾಲರಿ’ ಪ್ರಯೋಗದಲ್ಲಿ ಬೊಜ್ಜಿಲ್ಲದವರು ಎರಡು ವರ್ಷ ಸುಮಾರು ಶೇ 12ರಷ್ಟು ಕಡಿಮೆ ಉಂಡಾಗ ಇನ್ಸುಲಿನ್ ಚುರುಕಾಯಿತು. ಆದರೆ ಕೊಬ್ಬಲ್ಲದ ತೂಕವೂ ತುಸು ಇಳಿಯಿತು. ಹಾಗಾಗಿ ಉಪವಾಸ ಹಿಡಿಯಲಿಲ್ಲ. ಕ್ಯಾಲರಿಯಲ್ಲಿ ಧಾನ್ಯದ ಪಾಲು ಶೇ 45 ಮೀರದಿರಲಿ ಎನ್ನುತ್ತದೆ ಇಲ್ಲಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ. ಬಿರಿಯಾನಿ ಅರ್ಧ ಪ್ಲೇಟಾಯಿತು, ಕಾಳು-ಮೊಟ್ಟೆ ಸೇರಿದವು, ಸಂಜೆ ಡಂಬೆಲ್.

ಆರು ತಿಂಗಳಿಗೆ 98. ‘ಸೊರಗೀಯಲ್ಲೋ’ ಅಂದಳು ಅವ್ವ, ವಿಡಿಯೊ ಕಾಲಿನಲ್ಲಿ. ‘ಹೊಟ್ಟಿ ಅಷ್ಟ ಸೊರಗೇತಿ ಬೇ’ ಅಂದೆ.