ಗ್ರಾಮಗಳ ಸಂಚಾರಸೌಕರ್ಯವನ್ನು ಕುರಿತು ಮುಂದಾಲೋಚನೆ
(ಭಾಲ್ಕಿ ತಾಲ್ಲೂಕು ಮೆಹಕರ ಕಡೆಯ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ)

ಬೆಳೆಯು ಚೆನ್ನಾಗಿ ಬಂದ ವರ್ಷದಲ್ಲಿಯೂ ರಯತನ ಕೈಗೆ ಹಣ ಕಡಮೆಯಾಗಿ ಬರುವುದಕ್ಕೆ ದಾರಿಯೂ ಒಂದು ಕಾರಣವಾಗಿರುವುದು. ಮೆಹಕರದ ಕಡೆಯ ಎರೆಯ ಭೂಮಿಯಲ್ಲಿ ಹೆಸರು, ಉದ್ದುಗಳ ರಾಶಿಯು ಮಳೆಗಾಲ ಮುಗಿಯುವುದಕ್ಕೆ ಮುಂಚೆಯೇ ಆಗುತ್ತದೆ. ಅದರ ಬೆನ್ನಿಗೆ ಸೋಯಾಬೀನ್ ಬರುವುದು. ಆ ದಿನಗಳಲ್ಲಿ ಹೊಲದ ದಾರಿಯು ಕೆಸರಾಗಿ ಬಂಡಿಯ ಗಾಲಿಗಳು ಹೂತುಹೋಗುವುವು. ಹಸಿಯಾದ ಕಾಳನ್ನು ಮನೆಯಲ್ಲಿಟ್ಟರೆ ಬೂಷ್ಟು ಹಿಡಿಯುವುದರಿಂದ, ಬಾಗಿಲಿಗೆ ಬಂದವನಿಗೆ ಅವನು ಹೇಳಿದ ಬೆಲೆಗೆ ಕೊಡಬೇಕಾಗುವುದು. ಬಾಗಿಲಿನ ಬೆಲೆಗೂ ಪೇಟೆಯ ಬೆಲೆಗೂ ಇರುವ ಅಂತರವು ಅನೇಕ ವೇಳೆ ಸಾಗಾಣಿಕೆಯ ಬಾಡಿಗೆಗಿಂತ ಹೆಚ್ಚಾಗಿರುತ್ತದೆ. ಬೀಜ, ಗೊಬ್ಬರಗಳ ಖರ್ಚನ್ನು ಲೆಕ್ಕಕ್ಕೆ ಹಿಡಿಯುವ ರಯತನು ಈ ನಷ್ಟವನ್ನು ಯಾವ ಪುಸ್ತಕದಲ್ಲಿಯೂ ಬರೆದಿಡುವುದಿಲ್ಲ.

ಈ ಸೀಮೆಗೆ ಸಂಚಾರದ ಅನುಕೂಲಗಳು ಬಂದುದು ಈಚಿನದಲ್ಲ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ, 1932ನೆಯ ಇಸವಿ ಜೂನ್ ತಿಂಗಳಲ್ಲಿ, ನಿಜಾಮ ಸರ್ಕಾರದ ರೈಲ್ವೆಯವರು 27 ಬಸ್ಸುಗಳೊಡನೆ ರಸ್ತೆ ಸಾರಿಗೆಯ ಶಾಖೆಯನ್ನು ಆರಂಭಿಸಿದರು. ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಉದಗೀರಗಳ ಮೇಲೆ ಪರಳಿಗೆ ಹೋಗುವ ರೈಲುದಾರಿಯೂ ಆ ಸಂಸ್ಥಾನದ ಕಾಲದ್ದೇ. ಆಗ ಉದಗೀರ, ನಿಲಂಗ, ಅಹಮದಪುರಗಳು ಬೀದರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದುವು. 1956ನೆಯ ನವೆಂಬರ್ 1ರಂದು ಜಿಲ್ಲೆಯು ಹಂಚಿಹೋಗಿ, ಈ ಮೂರೂ ಮರಾಠಿ ಸೀಮೆಗೆ ಸೇರಿದುವು. ಬೀಗತನ, ಸಂತೆ, ದೇವರ ಜಾತ್ರೆಗಳು ಮೊದಲಿನಂತೆಯೇ ಉಳಿದುವು. ಆದರೆ ಗಡಿ ದಾಟುವ ಬಸ್ಸಿಗೆ ಎರಡು ರಾಜ್ಯಗಳ ಒಡಂಬಡಿಕೆಯೂ ಪರವಾನಗಿಯೂ ಬೇಕಾದುವು. ಆದುದರಿಂದ ಗಡಿಯ ಹತ್ತಿರದ ಗ್ರಾಮಗಳು, ಹಿಂದೆ ಎರಡು ಪೇಟೆಗಳ ನಡುವೆ ಇದ್ದಂಥವು, ಈಗ ಬಸ್ಸಿನ ದಾರಿಯ ತುದಿಗಳಾಗಿರುವುವು. ಹಗ್ಗದ ತುದಿಯೇ ಮೊದಲು ಸವೆಯುವಂತೆ, ಬಸ್ಸುಗಳ ಸಂಖ್ಯೆಯನ್ನು ಕಡಮೆ ಮಾಡಬೇಕಾದಾಗ ಮೊದಲು ಕಡಮೆಯಾಗುವುದು ಇಂತಹ ದಾರಿಗಳಲ್ಲಿಯೇ.

2017ನೆಯ ಅಕ್ಟೋಬರ್ 29ರಂದು ಬೀದರ–ಕಲಬುರಗಿ ರೈಲುದಾರಿಯು ತೆರೆಯಲ್ಪಟ್ಟು, ಸುಮಾರು 110 ಕಿಲೋಮೀಟರುಗಳ ಕೊರತೆ ತುಂಬಿತು. ಆದರೆ ರೈಲು ಎಷ್ಟು ದೂರ ಹೋದರೂ, ಮನೆಯಿಂದ ನಿಲ್ದಾಣದವರೆಗಿನ ಮೊದಲ ಹರದಾರಿಯು ಗ್ರಾಮಸ್ಥರ ಪಾಲಿಗೇ ಉಳಿದಿರುವುದು. ಹೆರಿಗೆಯ ನೋವು ತಿನ್ನುವ ಹೆಂಗಸಿಗೂ, ಏಳನೆಯ ತರಗತಿ ಮುಗಿಸಿ ದೂರದ ಪ್ರೌಢಶಾಲೆಗೆ ಹೋಗಬೇಕಾದ ಹುಡುಗಿಗೂ ಅದೇ ಹರದಾರಿಯು ಅಡ್ಡವಾಗುತ್ತದೆ. ಸಂಜೆಯ ಬಸ್ಸು ನಿಂತ ಊರಿನಲ್ಲಿ ಮೊದಲು ಶಾಲೆ ಬಿಡಿಸುವುದು ಹೆಣ್ಣುಮಗುವನ್ನೇ ಎಂಬುದು ಮುಖಂಡರಿಗೆ ತಿಳಿಯದ ಸಂಗತಿಯಲ್ಲ.

ಬಸ್ಸು ಬೇಕೆಂದು ಕೇಳುವವರು, ಬಸ್ಸನ್ನು ನಡೆಸುವವರ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೋದವರು ಪ್ರತಿ ಕಿಲೋಮೀಟರಿಗೆ ಬಂದ ಆದಾಯವೆಷ್ಟೆಂದು ನೋಡುತ್ತಾರೆ. ಉದಾಹರಣೆಗೆ, 50 ಆಸನಗಳ ಬಸ್ಸೊಂದು ಬೆಳಿಗ್ಗೆ ಊರಿನಿಂದ 45 ಮಂದಿಯನ್ನು ಭಾಲ್ಕಿಗೆ ಒಯ್ದು, ಹಿಂದಿರುಗುವಾಗ 5 ಮಂದಿಯನ್ನು ಮಾತ್ರ ತಂದರೆ, ಹೋಗಿ ಬರುವ 100 ಆಸನಗಳಲ್ಲಿ ತುಂಬಿದುದು 50 ಮಾತ್ರ. ಊರಿನವರಿಗೆ ಬಸ್ಸು ಕಿಕ್ಕಿರಿದಂತೆ ಕಾಣುವುದು. ಡಿಪೋದವರಿಗೆ ಅರ್ಧ ಖಾಲಿ ಕಾಣುವುದು. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಪಟ್ಟಣದಿಂದ ಹಳ್ಳಿಗಳಿಗೆ ದಿನವೂ ಬರುವ ಉಪಾಧ್ಯಾಯರು, ದಾದಿಯರು, ಬ್ಯಾಂಕಿನ ನೌಕರರು ಇದ್ದೇ ಇರುವರು. ಮರಳುವ ಬಸ್ಸು ಶಾಲೆಯ ಗಂಟೆಗೆ ಮುಂಚೆ ಊರು ಸೇರುವಂತೆ ವೇಳೆಯನ್ನು ಹೊಂದಿಸಿ, ದಾರಿಯಲ್ಲಿ ಇನ್ನೊಂದು ಗ್ರಾಮವನ್ನು ಸೇರಿಸಿಕೊಂಡು 20 ಮಂದಿ ಬರುವಂತಾದರೆ, ಅದೇ ಬಸ್ಸಿನಲ್ಲಿ 65 ಆಸನಗಳು ತುಂಬುವುವು. ಹೊಸ ಬಸ್ಸನ್ನು ಬೇಡುವುದಕ್ಕಿಂತ ಇರುವ ಬಸ್ಸಿನ ವೇಳೆಯನ್ನು ಬದಲಿಸಬೇಕೆಂದು ಕೇಳುವ ಅರ್ಜಿಯು ಬೇಗ ಫಲಿಸಬಹುದು.

ಇದಕ್ಕೆ ವಸ್ತಿ ಬಸ್ಸು ಬಹಳ ಅನುಕೂಲವಾದುದು. ರಾತ್ರಿ ಊರಿನಲ್ಲಿಯೇ ತಂಗಿ ಬೆಳಿಗ್ಗೆ ಹೊರಡುವ ಬಸ್ಸು ಸಂಜೆ ಪೇಟೆಗೆ ಹೋದವರನ್ನು ಮನೆ ಸೇರಿಸುವುದಲ್ಲದೆ, ಬೆಳಗಿನ ಕಾಲೇಜು ಮಕ್ಕಳಿಗೂ ತರಕಾರಿ ಒಯ್ಯುವವರಿಗೂ ಸರಿಯಾದ ಹೊತ್ತಿಗೆ ಸಿಕ್ಕುವುದು. ಆದರೆ ಚಾಲಕ, ನಿರ್ವಾಹಕರಿಗೆ ಮಲಗುವುದಕ್ಕೆ ಕೋಣೆ, ನೀರು, ದೀಪ, ಶೌಚಾಲಯ ಇಲ್ಲದ ಊರಿನಲ್ಲಿ ವಸ್ತಿ ಬಸ್ಸು ಬಹುಕಾಲ ನಿಲ್ಲಲಾರದು. ಸೊಳ್ಳೆಗಳ ನಡುವೆ ಬಸ್ಸಿನ ಸೀಟಿನ ಮೇಲೆ ಮಲಗಿ ಎದ್ದವನು ಮರುದಿನ 50 ಜನರ ಪ್ರಾಣವನ್ನು ಕೈಯಲ್ಲಿ ಹಿಡಿದು ನಡೆಸಬೇಕಾಗಿರುವುದೆಂಬುದನ್ನು ಗ್ರಾಮಸ್ಥರು ಯೋಚಿಸತಕ್ಕದ್ದು. ಪಂಚಾಯಿತಿಯು ಒಂದು ಕೋಣೆಯನ್ನು ಇದಕ್ಕಾಗಿ ಬಿಟ್ಟುಕೊಡುವುದು ದೊಡ್ಡ ಖರ್ಚಿನ ಕೆಲಸವಲ್ಲ.

2023ನೆಯ ಜೂನ್ 11ರಿಂದ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣವು ಉಚಿತವಾಗಿದೆ. ಹಣ ಕೊಡಬೇಕಾಗಿಲ್ಲವಾದರೂ ಶೂನ್ಯದರದ ಚೀಟಿಯನ್ನು ಪಡೆಯಲೇಬೇಕು. ಆ ಚೀಟಿಯ ಲೆಕ್ಕದ ಮೇಲೆಯೇ ಸರ್ಕಾರವು ನಿಗಮಕ್ಕೆ ಹಣ ತುಂಬಿಕೊಡುವುದು. ಚೀಟಿಯಿಲ್ಲದೆ ಕುಳಿತ ಹೆಂಗಸು ಲೆಕ್ಕದಲ್ಲಿ ಇಲ್ಲದವಳಾಗುವಳು. ಹಾಗೆ ಹತ್ತು ಮಂದಿ ಇಲ್ಲದವರಾದರೆ ಆ ದಾರಿಯಲ್ಲಿ ಜನವೇ ಇಲ್ಲವೆಂದು ಕಾಣುವುದು.

ಬಸ್ಸು ಬಾರದ ಹೊತ್ತಿನಲ್ಲಿ ಟಂಟಂ, ಜೀಪುಗಳು ಜನರನ್ನು ಸಾಗಿಸುತ್ತವೆ. ಅವನ್ನು ನಿಂದಿಸಿ ಪ್ರಯೋಜನವಿಲ್ಲ. ಅವಿಲ್ಲದಿದ್ದರೆ ಅನೇಕ ಊರುಗಳು ಮಧ್ಯಾಹ್ನದ ಮೇಲೆ ಕದಲುವಂತೆಯೇ ಇಲ್ಲ. ಆದರೆ ಮಾಲು ಸಾಗಿಸುವ ವಾಹನದಲ್ಲಿಯೂ ಟ್ರ್ಯಾಕ್ಟರಿನ ಟ್ರೇಲರಿನಲ್ಲಿಯೂ ಮದುವೆಯ ದಿಬ್ಬಣವನ್ನೋ ಕೂಲಿಯವರನ್ನೋ ತುಂಬಿಕೊಂಡು ಹೋಗುವುದು ಕಾಯಿದೆಗೆ ವಿರುದ್ಧ. ಅಪಘಾತವಾದರೆ ವಿಮಾ ಕಂಪನಿಯವರು ಹಾಗೆ ಕುಳಿತವರ ಹೊಣೆಯನ್ನು ನಿರಾಕರಿಸಬಹುದು. ಆಗ ಪರಿಹಾರದ ಭಾರವು ಮಾಲಿಕನ ಹೊಲದ ಮೇಲೆ ಬೀಳುವುದು.

ಇನ್ನು ದಾರಿಯ ವಿಚಾರ. ಗ್ರಾಮದ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಿರುತ್ತದೆ. ಹಿಡುವಳಿದಾರರು ವರ್ಷಕ್ಕೊಂದು ಸಾಲಿನಂತೆ ಅಂಚನ್ನು ಉಳುತ್ತ ಬಂದುದರಿಂದ ಎಷ್ಟೋ ಬಂಡಿದಾರಿಗಳು ಕಾಲುದಾರಿಗಳಾಗಿ, ಕಾಲುದಾರಿಗಳು ಬದುಗಳಾಗಿರುವುವು. ಬಸ್ಸಿಲ್ಲವೆಂದು ದೂರುವ ಕೈಯೇ ನೇಗಿಲನ್ನು ದಾರಿಯ ಮೇಲೆ ತಿರುಗಿಸಿರುವುದುಂಟು. ತಹಸೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸುವುದಕ್ಕೆ ಮೊದಲು, ನಕ್ಷೆಯನ್ನು ಮುಂದಿಟ್ಟುಕೊಂಡು ಎರಡು ಕಡೆಯ ಹೊಲದವರೂ ಕುಳಿತು ಮಾತನಾಡಿದರೆ ವ್ಯಾಜ್ಯವೂ ಖರ್ಚೂ ತಪ್ಪುವುದು.

ಎರೆಯ ಮಣ್ಣು ನೀರು ಕುಡಿದು ಉಬ್ಬುವುದು, ಒಣಗಿ ಬಿರಿಯುವುದು. ಅದರ ಮೇಲೆ ಬರಿಯ ಮೊರಮು ಚೆಲ್ಲಿದರೆ ಒಂದೆರಡು ಮಳೆಗಾಲದಲ್ಲಿ ಮೊರಮು ಮಣ್ಣಿನೊಳಗೆ ಇಳಿದುಹೋಗುವುದು. ನಡುವೆ ಉಬ್ಬು, ಎರಡು ಪಕ್ಕಕ್ಕೂ ಚರಂಡಿ, ಹಳ್ಳ ದಾಟುವಲ್ಲಿ ಮೋರಿ, ಇವು ಮೊದಲು ಆಗಬೇಕು. ಮೊರಮು, ಜಲ್ಲಿ ಅನಂತರ. ಚರಂಡಿಯನ್ನು ಮಳೆಗೆ ಮುಂಚೆ ಒಂದು ದಿನ ತೆರವು ಮಾಡುವುದರಿಂದ ಆಗುವ ಉಪಕಾರವು ಮಳೆಯ ಅನಂತರ ಹತ್ತು ಗಾಡಿ ಮೊರಮು ಸುರಿಯುವುದರಿಂದ ಆಗಲಾರದು.

ಮುಂದೆ ನೀರಾವರಿ ಹೆಚ್ಚಿ ಕಬ್ಬು ಹೆಚ್ಚಿದಲ್ಲಿ ದಾರಿಯ ಮೇಲಿನ ಭಾರವೂ ಹೆಚ್ಚುವುದು. ಅಮೆರಿಕೆಯ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ವಾಹನಗಳನ್ನು ಓಡಿಸಿ ಪರೀಕ್ಷೆ ಮಾಡಿದಾಗ, ಅಚ್ಚಿನ ಮೇಲಿನ ಭಾರವು ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿಯು ಸುಮಾರು 16ರಷ್ಟಾಗುವುದೆಂದು ಕಂಡುಬಂದಿತು. ಒಂದೇ ಸಲಕ್ಕೆ ಹೆಚ್ಚು ಕಬ್ಬು ತುಂಬಿ ಒಂದು ಸರದಿಯ ಡೀಸೆಲ್ ಉಳಿಸುವವನು ಊರಿನ ರಸ್ತೆಯ ಆಯುಷ್ಯವನ್ನು ಖರ್ಚು ಮಾಡುತ್ತಾನೆ. ಕಾರ್ಖಾನೆಗೆ ಹೋಗುವ ಭಾರದ ಗಾಡಿಗಳಿಗೆ ಊರಿನ ಹೊರಗೆ ದಾರಿ ಬಿಡುವ ಮಾತನ್ನು ಕಬ್ಬು ನೆಡುವ ಮೊದಲೇ ಆಡಬೇಕು.

ಅರ್ಜಿಗೆ ಬಲ ಬರುವುದು ಎಣಿಕೆಯಿಂದ. ಶಾಲೆಯ ದೊಡ್ಡ ಹುಡುಗರಿಬ್ಬರನ್ನು ಊರ ಬಾಗಿಲಲ್ಲಿ ಕೂರಿಸಿ, ಸಂತೆಯ ದಿನವೂ ಸೇರಿದಂತೆ ಏಳು ದಿನ, ಯಾವ ಹೊತ್ತಿನಲ್ಲಿ ಎಷ್ಟು ಮಂದಿ ಎತ್ತ ಹೋದರು, ಯಾತರಲ್ಲಿ ಹೋದರು, ಎಂದು ಬರೆಯಿಸತಕ್ಕದ್ದು. ನಡೆದು ಹೋದವರನ್ನೂ ಬಿಡಬಾರದು. ರಾಶಿಯ ಕಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಹೀಗೆ ಮಾಡಿ, ಒಂದೇ ದಾರಿಯ ಮೂರು ನಾಲ್ಕು ಗ್ರಾಮಗಳವರು ಒಟ್ಟಾಗಿ, ಬೇಕಾದ ವೇಳೆಯನ್ನೂ ವಸ್ತಿಗೆ ಕೊಡುವ ಕೋಣೆಯನ್ನೂ ನಮೂದಿಸಿ, ಗ್ರಾಮಸಭೆಯ ಠರಾವಿನೊಡನೆ ಡಿಪೋ ವ್ಯವಸ್ಥಾಪಕರಿಗೆ ಕಳುಹಿಸಬೇಕು. ಶಾಲೆಗಳು ತೆರೆಯುವುದಕ್ಕೆ ಎರಡು ತಿಂಗಳ ಮುಂಚೆಯೇ ಅರ್ಜಿಯು ಸೇರುವಂತೆ ನೋಡಿಕೊಳ್ಳತಕ್ಕದ್ದು.